ಫ್ರಿಜ್ಜಿಗೆ ಅಂಟಿಸಿದ ನಲವತ್ತು ಆಜ್ಞೆಗಳು

ಆ ಕಾಗದವನ್ನು ಮನೆಮನೆಗೆ ಕಳುಹಿಸಿದವಳು ನಾನೇ. ಕೆಳಗಿನ ಸಹಿಯೂ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕೆಲವರನ್ನು ಬೈಯುವುದಿದೆ. ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನು.

ಕಡಬ ತಾಲೂಕಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆ. ಹೆಸರು ಬೇಡ. ಆಗ ನಾನು ಒಂದನೇ ತರಗತಿಯ ಕ್ಲಾಸ್ ಟೀಚರ್. ಶಾಲೆ ತೆರೆದ ಎರಡನೇ ವಾರ ಸಂಚಾಲಕರು ತಮ್ಮ ಕೋಣೆಗೆ ಕರೆದರು. ಅವರ ಮೇಜಿನ ಎದುರು ಎರಡು ಕುರ್ಚಿಗಳಿವೆ, ಆದರೆ ಅವು ಪೋಷಕರಿಗೆ. ನಾವು ಟೀಚರುಗಳು ಬಾಗಿಲ ಹತ್ತಿರ ನಿಂತೇ ಮಾತಾಡಬೇಕು. ಆ ಶಾಲೆಯಲ್ಲಿ ಆರು ವರ್ಷ ದುಡಿದರೂ ಅವರ ಬಾಯಿಂದ ನನಗೆ 'ಕೂತ್ಕೊಳ್ಳಿ' ಎಂಬ ಒಂದು ಮಾತು ಬಂದದ್ದಿಲ್ಲ.

"ಪುತ್ತೂರಲ್ಲಿ ಎಲ್ಲೋ ಫ್ರೆಂಚ್ ಶುರು ಮಾಡಿದ್ದಾರಂತೆ, ಗೊತ್ತುಂಟಾ? ನಾವು ಸ್ಪ್ಯಾನಿಷ್ ಮಾಡುವ. ಒಂದನೇ ಕ್ಲಾಸಿಂದಲೇ. ನೀವೇ ತಗೊಳ್ಳಿ."

"ನನಗೆ ಸ್ಪ್ಯಾನಿಷ್ ಬರುದಿಲ್ಲ ಸರ್."

"ಎಂತ ಮಾರಾಯ್ರೆ, ನಿಮಗೆ ಐದು ಭಾಷೆ ಬರ್ತದೆ. ಆರನೆಯದ್ದು ಒಂದು ದೊಡ್ಡ ಸಂಗತಿಯಾ?"

ಸುಳ್ಳು ಯಾಕೆ ಹೇಳಲಿ, ಆ ಮಾತಿಗೆ ನಾನು ಉಬ್ಬಿಹೋದೆ. ನಾನು ಕಲ್ಲುಗುಂಡಿಯವಳು. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಓದಿದ್ದು ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್, ಗಡಿ ಹತ್ತಿರದ ಊರಾದ್ದರಿಂದ ಒಂದಿಷ್ಟು ಮಲಯಾಳ. ಈ ಕಡೆಯವರು ಬೆಂಗಳೂರಿಗೆ ಹೋದಾಗ ಮೊದಲು ಹೇಳಿಕೊಳ್ಳುವುದೇ ಅದು, ನಮಗೆ ಇಷ್ಟು ಭಾಷೆ ಬರುತ್ತದೆ ಅಂತ. ಆ ಹೆಮ್ಮೆ ನನಗೂ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಸಂಚಾಲಕರು ಒಂದು ಕಾಗದ ಕೊಟ್ಟರು. ಎರಡು ಪುಟ, ನಲವತ್ತು ಸಾಲು. 'ತರಗತಿಗೂ ಮನೆಗೂ ಉಪಯುಕ್ತ ಸ್ಪ್ಯಾನಿಷ್ ಆಜ್ಞೆಗಳು.' ಇಂಟರ್ನೆಟ್ಟಿನಿಂದ ಇಳಿಸಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. 'ಸಿಯೆಂತತೆ' ಅಂದರೆ ಕೂತುಕೋ. 'ಲೆವಾಂತತೆ' ಅಂದರೆ ಏಳು. 'ಆಬ್ರೆ ಲಾ ಪುವೆರ್ತಾ' ಅಂದರೆ ಬಾಗಿಲು ತೆಗೆ. ಇಷ್ಟು ಸರಿ. ಮನೆಯ ಪಟ್ಟಿಯಲ್ಲಿ 'ಕೋಟನ್ನು ಮೊಳೆಗೆ ತೂಗುಹಾಕು' ಎಂದಿತ್ತು, 'ನಾಯಿಯನ್ನು ತಿರುಗಾಡಿಸಿಕೊಂಡು ಬಾ' ಎಂದಿತ್ತು. ನಮ್ಮ ಕಡೆ ನಾಯಿಗಳು ಯಾರ ಆಜ್ಞೆಗೂ ಕಾಯದೆ ತಾವೇ ತಿರುಗಾಡಿಕೊಂಡು ಬರುತ್ತವೆ. ಕೋಟಿನ ಬದಲು ರೈನ್‌ಕೋಟ್ ಇಟ್ಟುಕೊಳ್ಳೋಣ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ಸಂಜೆ ಪಾತ್ರೆ ತೊಳೆಯುತ್ತ ಫೋನನ್ನು ಸಿಂಕಿನ ಮೇಲೆ ಒರಗಿಸಿ, ವಿಡಿಯೋದ ಹೆಂಗಸು ಹೇಳಿದ್ದನ್ನು ಹೇಳುತ್ತ ಕಲಿತೆ. ಆ ಪಟ್ಟಿಯ ಪ್ರತಿ ತೆಗೆಸಿ, ಕೆಳಗೆ ಸಹಿ ಹಾಕಿ ಎಲ್ಲ ಮಕ್ಕಳ ಮನೆಗೂ ಕಳುಹಿಸಿದ್ದು ಅದೇ ವಾರ.

ವಾರಕ್ಕೆ ಮೂರು ದಿನ, ಮಧ್ಯಾಹ್ನ ಊಟದ ನಂತರದ ಪೀರಿಯಡ್. ಮೊದಲ ಎರಡು ತಿಂಗಳು ಪೂರ್ತಿ ಸೋಲು. ಸೋಲು ಎಂದು ನನಗೆ ಅನ್ನಿಸಲೇ ಇಲ್ಲ ಎನ್ನುವುದು ಬೇರೆ ಮಾತು. ಬೋರ್ಡಿನ ಮೇಲೆ ಐದು ಆಜ್ಞೆ ಬರೆಯುತ್ತಿದ್ದೆ. ಒಂದೊಂದನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ಅರ್ಥವಾಗದವರಿಗೆ ಕನ್ನಡದಲ್ಲಿ, ಮತ್ತೂ ಅರ್ಥವಾಗದವರಿಗೆ ತುಳುವಿನಲ್ಲಿ ಹೇಳುತ್ತಿದ್ದೆ. ಮಕ್ಕಳು ಮಗ್ಗಿ ಹೇಳಿದ ಹಾಗೆ ರಾಗ ಎಳೆದು ಒಪ್ಪಿಸುತ್ತಿದ್ದರು. 'ಲೆವಾಂತತೆ' ಎಂದು ಇಪ್ಪತ್ತೆಂಟು ಮಕ್ಕಳು ಕೂತುಕೊಂಡೇ ಕೂಗುತ್ತಿದ್ದರು. ಒಬ್ಬರೂ ಏಳುತ್ತಿರಲಿಲ್ಲ.

ಆ ಇಪ್ಪತ್ತೆಂಟರಲ್ಲಿ ಒಬ್ಬಳು ಕೂಗುತ್ತಲೂ ಇರಲಿಲ್ಲ. ಅವಳು ಆ ವರ್ಷವೇ ಗಲ್ಫಿನಿಂದ ತಾಯಿಯ ಜೊತೆ ಊರಿಗೆ ಬಂದಿದ್ದ ಬ್ಯಾರಿ ಮನೆಯ ಹುಡುಗಿ, ಈ ಕರಾವಳಿಯ ಮುಸ್ಲಿಮರು ಆಡುವ ಬ್ಯಾರಿ ಭಾಷೆಯವಳು. ಕಿಟಕಿಯ ಪಕ್ಕ ಕೂರುತ್ತಿದ್ದಳು. 'ಕೂತ್ಕೊ' ಎಂದರೆ ನಿಂತೇ ಇರುತ್ತಿದ್ದಳು, 'ಪುಸ್ತಕ ತೆಗಿ' ಎಂದರೆ ನನ್ನ ಬಾಯಿ ನೋಡುತ್ತಿದ್ದಳು. ಹಠ ಎಂದುಕೊಂಡೆ. ಇಲ್ಲಿಯ ಬ್ಯಾರಿ ಮಕ್ಕಳಿಗೆ ಭಾಷೆಯ ತೊಂದರೆ ಎಂದರೆ ಯಾರು ನಂಬುತ್ತಾರೆ? ಐದು ವರ್ಷಕ್ಕೆಲ್ಲ ತುಳುವಿನಲ್ಲಿ ಜಗಳ ಆಡಿ ಕನ್ನಡದಲ್ಲಿ ಬಂದು ದೂರು ಹೇಳುತ್ತಾರೆ. ಅವರ ಅಪ್ಪಂದಿರು ಅಂಗಡಿಯಲ್ಲಿ ಕೂತು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವವರು. ಇವಳಿಗೆ ಮಾತ್ರ ಗೊತ್ತಾಗುವುದಿಲ್ಲವೇ?

ನಮ್ಮ ತರಗತಿಯ ಮೂಲೆಯಲ್ಲಿ ಒಂದು ಚಿಕ್ಕ ಬೋರ್ಡ್ ಇತ್ತು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ ಮಕ್ಕಳ ಹೆಸರನ್ನು ಅದರಲ್ಲಿ ಬರೆಯಬೇಕು. ಸಂಚಾಲಕರ ನಿಯಮ. ಬರೆಯುವವಳು ನಾನು. ಆ ಬೋರ್ಡಿನ ಕೆಳಗೆ ನಿಂತು ದಿನವಿಡೀ ಐದು ಭಾಷೆ ಕಲಸಿ ಮಾತಾಡುತ್ತಿದ್ದವಳೂ ನಾನೇ. ನನ್ನ ಹೆಸರನ್ನು ಬರೆಯುವವರು ಯಾರೂ ಇರಲಿಲ್ಲ.

ಜುಲೈಯಲ್ಲಿ ಒಂದು ದಿನ ಆ ಹುಡುಗಿ ಪಾಠದ ಮಧ್ಯೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. "ಎಂತ ನಿಂತದ್ದು? ಗೋ ಟು ಯುವರ್ ಪ್ಲೇಸ್" ಎಂದೆ. ನಿಂತೇ ಇದ್ದಳು. "ಪೋ, ಕುಲ್ಲು", ಹೋಗಿ ಕೂರು ಎಂದು ತುಳುವಿನಲ್ಲಿ ಗದರಿದೆ. ಅವಳು ನನ್ನ ಮುಖ ನೋಡುತ್ತ ನೋಡುತ್ತ ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ಮಕ್ಕಳು ನಕ್ಕರು. ಆಯಾ ಬಂದು ಅವಳನ್ನು ಎತ್ತಿಕೊಂಡು ಹೋದಳು. ಹೋಗುವಾಗ ಆಯಾ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದಳು.

"ಟೀಚರ್, ನೀವು ಎಂತ ಹೇಳಿದ್ದು ಅಂತ ನನಗೇ ತಲೆಗೆ ಹೋಗ್ಲಿಲ್ಲ. ಅದು ಚಿಕ್ಕ ಮಗು."

ನನಗೆ ಕೋಪ ಬಂತು. ಆಯಾಳ ಮೇಲೆ! ಆ ದಿನ ಹುಡುಗಿಯ ಡೈರಿಯಲ್ಲಿ ಕೆಂಪು ಪೆನ್ನಿನಿಂದ ಇಂಗ್ಲಿಷಿನಲ್ಲಿ ಬರೆದೆ: ಸೂಚನೆಗಳನ್ನು ಪಾಲಿಸುವುದಿಲ್ಲ. ಆಗಸ್ಟಿನೊಳಗೆ ಅದೇ ವಾಕ್ಯವನ್ನು ಮೂರು ಸಲ ಬರೆದೆ. ಮೂರು ಸಲವೂ ಕೆಳಗೆ ತಾಯಿಯ ಸಹಿ ಬಂತು, ಬೇರೇನೂ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲದ ಡೈರಿಯಲ್ಲೇ ಬರೆದುಕೊಟ್ಟೆ.

ಡೈರಿಗಳನ್ನು ತಿರುವಿ ನೋಡುವ ಅಭ್ಯಾಸ ಸಂಚಾಲಕರಿಗಿತ್ತು. ಆಗಸ್ಟ್ ಕೊನೆಗೆ ಮತ್ತೆ ಕರೆಸಿದರು. ಮತ್ತೆ ಬಾಗಿಲ ಹತ್ತಿರ ನಿಂತೆ.

"ಆ ಮಗುವಿಗೆ ಏನೋ ಪ್ರಾಬ್ಲಮ್ ಉಂಟು ಟೀಚರ್. ನೀವೇ ಬರೆದಿದ್ದೀರಲ್ಲ. ಇಂಥವರನ್ನು ಇಟ್ಕೊಂಡ್ರೆ ಶಾಲೆಯ ಹೆಸರು ಹಾಳು. ದಸರಾ ರಜೆಗೆ ಮೊದಲು ಟಿ.ಸಿ. ಕೊಟ್ಟು ಕಳಿಸುವ. ಈ ರಿಪೋರ್ಟ್ ತುಂಬಿ ಸೈನ್ ಹಾಕಿ."

ಅವರು ಕೊಟ್ಟ ಅಚ್ಚು ಹಾಕಿದ ಹಾಳೆಯಲ್ಲಿ ಒಂದು ಅಂಕಣ 'ಮಗುವಿನಲ್ಲಿ ಕಂಡುಬಂದ ಕೊರತೆ' ಎಂದಿತ್ತು. ಅದಕ್ಕೆ ನನ್ನ ಸಹಿ ಬಿದ್ದರೆ, ಆರು ವರ್ಷದ ಹುಡುಗಿ ಮಂದಬುದ್ಧಿಯವಳು ಎಂಬ ಕಾಗದ ಹಿಡಿದುಕೊಂಡು ಇನ್ನೊಂದು ಶಾಲೆಯ ಬಾಗಿಲು ತಟ್ಟಬೇಕು. ಇದೆಲ್ಲ ಆಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆಗುವುದಿಲ್ಲ ಎನ್ನಲಿಲ್ಲ. "ಆಯ್ತು ಸರ್" ಎಂದು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಅದೇ ವಾರ ನನ್ನ ಗಂಟಲು ಕಟ್ಟಿತು. ಮಳೆ, ಸೀಮೆಸುಣ್ಣದ ಪುಡಿ, ಇಪ್ಪತ್ತೆಂಟು ಮಕ್ಕಳು, ಇನ್ನೇನಾಗುತ್ತದೆ. ರಜೆ ಕೇಳಿದರೆ ಕೊಡುವುದಿಲ್ಲ. ಪಿಸುಮಾತಿನಲ್ಲಿ ಒಂದೊಂದೇ ಪದ ಮಾತ್ರ ಹೊರಡುತ್ತಿತ್ತು. ಸ್ಪ್ಯಾನಿಷ್ ಪೀರಿಯಡ್ಡಿಗೆ ಹೋಗಿ ಬೋರ್ಡಿನಲ್ಲಿ ಏನೂ ಬರೆಯದೆ, ಏನೂ ವಿವರಿಸದೆ, "ಲೆವಾಂತತೆ" ಎಂದು ಪಿಸುಗುಟ್ಟಿ ಕುರ್ಚಿಯಿಂದ ಎದ್ದು ನಿಂತೆ. "ಸಿಯೆಂತತೆ" ಎಂದು ಕೂತೆ. ಮತ್ತೆ ಎದ್ದೆ, ಮತ್ತೆ ಕೂತೆ. ಇದು ಪಾಠ ಹೇಳುವ ಒಂದು ಕ್ರಮ ಎಂದು ಆಮೇಲೆ ಓದಿ ತಿಳಿದುಕೊಂಡೆ: ಆಜ್ಞೆ ಹೇಳುವುದು, ಮಾಡಿ ತೋರಿಸುವುದು, ಮಕ್ಕಳಿಂದ ಉತ್ತರ ಕೇಳದಿರುವುದು. ಆ ದಿನ ಮಾತ್ರ ಅದು ಬರೀ ಗಂಟಲುನೋವು.

ಐದನೇ ಸಲ "ಲೆವಾಂತತೆ" ಎಂದಾಗ ತರಗತಿಯಲ್ಲಿ ಒಬ್ಬಳು ಎದ್ದು ನಿಂತಳು. ಕಿಟಕಿಯ ಪಕ್ಕದವಳು.

ಆಕಸ್ಮಿಕ ಎಂದುಕೊಂಡೆ. ಮುಂದಿನ ನಾಲ್ಕು ಪೀರಿಯಡ್ಡು ಹಾಗೆಯೇ ಮಾಡಿದೆ. ಒಂದು ದಿನಕ್ಕೆ ಮೂರೇ ಹೊಸ ಆಜ್ಞೆ. ಹಳೆಯದನ್ನು ಹಿಂದುಮುಂದು ಮಾಡಿ ಕೇಳುವುದು. ರೈನ್‌ಕೋಟನ್ನು ಮೊಳೆಗೆ ಹಾಕುವುದು, ಬಾಗಿಲು ತೆಗೆಯುವುದು, ಮುಚ್ಚುವುದು, ಕೈ ತೊಳೆಯುವುದು. ಬೇರೆ ಮಕ್ಕಳು ಪಕ್ಕದವರನ್ನು ನೋಡಿ ಮಾಡುತ್ತಿದ್ದರು, ಅವಳು ಯಾರನ್ನೂ ನೋಡುತ್ತಿರಲಿಲ್ಲ. ಪರೀಕ್ಷಿಸಿಯೇ ನೋಡೋಣ ಎಂದು ಉಳಿದ ಮಕ್ಕಳನ್ನೆಲ್ಲ ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದೆ, ನಕಲು ಮಾಡಲು ಯಾರೂ ಇರಬಾರದು ಅಂತ. ನಾನೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾಲ್ಕು ಆಜ್ಞೆ ಒಟ್ಟಿಗೆ ಹೇಳಿದೆ: ಏಳು, ಬಾಗಿಲು ತೆಗೆ, ಹೊರಗೆ ನೋಡು, ಬಾ. ಅವಳು ಎದ್ದಳು, ಬಾಗಿಲು ತೆಗೆದಳು, ಕತ್ತು ಹೊರಗೆ ಹಾಕಿ ಎಡಕ್ಕೂ ಬಲಕ್ಕೂ ನೋಡಿದಳು, ಬಂದು ನನ್ನ ಎದುರು ನಿಂತಳು. ಒಂದೂ ತಪ್ಪಲಿಲ್ಲ.

ನನ್ನ ಬ್ಯಾಗಿನಲ್ಲಿ ಅವಳು ಸೂಚನೆ ಪಾಲಿಸುವುದಿಲ್ಲ ಎಂದು ನಾನು ತುಂಬಬೇಕಾದ ಹಾಳೆ ಇತ್ತು.

ಗಂಟಲು ಸರಿಯಾದ ಮೇಲೆ ಒಂದು ದಿನ ಗಣಿತದ ಪೀರಿಯಡ್ಡಿನಲ್ಲಿ ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ನನ್ನ ಪಾಠವನ್ನೇ ರೆಕಾರ್ಡ್ ಮಾಡಿದೆ. ಸಂಜೆ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಅಬ್ಬಾ, ಆ ನಲವತ್ತು ನಿಮಿಷ! "ಓಪನ್ ಮಾಡಿ ಬುಕ್, ದಾನೆ ತೂಪುನಿ, ಲುಕ್ ಹಿಯರ್, ಎಂತ ಅದು, ಸುಮ್ನೆ ಸಿಟ್." ಕೂತುಕೋ ಎನ್ನುವುದೊಂದನ್ನೇ ಇಂಗ್ಲಿಷಿನಲ್ಲಿ ಎರಡು ಬಗೆ, ಕನ್ನಡದಲ್ಲಿ ಎರಡು ಬಗೆ, ತುಳುವಿನಲ್ಲಿ ಒಂದು, ಸಿಟ್ಟು ನೆತ್ತಿಗೇರಿದಾಗ ಅರೆಭಾಷೆಯಲ್ಲಿ ಒಂದು ಹೇಳಿದ್ದೆ. ಆ ಹುಡುಗಿಗೆಂದೇ ಪ್ರತ್ಯೇಕ ಮುರುಕು ಮಲಯಾಳದಲ್ಲಿ ಇನ್ನೊಂದು. ಬ್ಯಾರಿ ಅಂದರೆ ಮಲಯಾಳವೇ ಅಲ್ಲವೇ ಎಂಬ ನನ್ನ ಅಸಡ್ಡೆ! ಯಾವುದಾದರೊಂದು ತಾಗುತ್ತದೆ ಎಂದು ಮಾವಿನ ಮರಕ್ಕೆ ಕಲ್ಲೆಸೆದ ಹಾಗೆ ಎಸೆಯುತ್ತಿದ್ದೆ. ನಾಲ್ಕು ಭಾಷೆ ಗೊತ್ತಿರುವ ಮಗು ಅದರಲ್ಲಿ ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತದೆ. ಒಂದೇ ಗೊತ್ತಿರುವ ಮಗುವಿಗೆ ಅದು ಬರೀ ಗದ್ದಲ. ಸ್ಪ್ಯಾನಿಷ್ ಪೀರಿಯಡ್ಡಿನಲ್ಲಿ ಮಾತ್ರ ನಾನು ಒಂದು ವಿಷಯಕ್ಕೆ ಒಂದೇ ಪದ, ನಿಧಾನವಾಗಿ, ಪ್ರತಿ ಸಲವೂ ಅದೇ ಪದ ಹೇಳಿದ್ದೆ. ಯಾಕೆಂದರೆ ಬೇರೆ ಪದ ನನಗೆ ಗೊತ್ತಿರಲಿಲ್ಲ.

ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮೊದಲು ಆದದ್ದಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಹುಡುಗಿಯ ಮನೆಗೆ ಹೋದೆ. ರಾಮಕುಂಜದ ಹತ್ತಿರ ರಸ್ತೆ ಬದಿಯ ಅಂಗಡಿಯ ಮೇಲಿನ ಮಹಡಿ. ತಾಯಿ ನನಗಿಂತ ಚಿಕ್ಕವಳು. ಬಾಗಿಲು ತೆಗೆದವಳೇ ಗಾಬರಿಯಾದಳು.

"ಎಂತ ಟೀಚರ್, ಅವಳು ಎಂತ ಮಾಡಿದ್ದು?"

"ಅವಳು ಎಂತದೂ ಮಾಡ್ಲಿಲ್ಲ. ನಾನು ಮಾಡಿದ್ದು. ಒಳಗೆ ಬರ್ಬಹುದಾ?"

ಶರಬತ್ತು ಮಾಡಿಕೊಂಡು ಬಂದಳು. ಹುಡುಗಿ ಬಾಗಿಲ ಪರದೆಯ ಹಿಂದೆ ನಿಂತು ಇಣುಕುತ್ತಿದ್ದಳು. ತಾಯಿ ಅವಳ ಕಡೆ ತಿರುಗಿ "ಕಮ್" ಎಂದಳು. ಬಂದಳು. "ಸಿಟ್" ಎಂದಳು. ಕೂತಳು. "ಡ್ರಿಂಕ್" ಎಂದಳು. ಹುಡುಗಿ ಲೋಟ ಎತ್ತಿಕೊಂಡಳು. ಆಗ ನನ್ನ ಕಣ್ಣು ಅಡುಗೆಕೋಣೆಯ ಫ್ರಿಜ್ಜಿನ ಮೇಲೆ ಬಿತ್ತು. ನನ್ನ ನಲವತ್ತು ಆಜ್ಞೆಗಳು ಅಲ್ಲಿದ್ದವು. ನೀರು ತಾಗಿ ಹಾಳಾಗಬಾರದು ಎಂದು ಮೇಲೆ ಪ್ಲಾಸ್ಟಿಕ್ ಹಾಕಿ, ನಾಲ್ಕು ಮೂಲೆಗೂ ಟೇಪು ಅಂಟಿಸಿದ್ದಳು. ಪಕ್ಕದಲ್ಲಿ ಒಂದೊಂದರ ಉಚ್ಚಾರವನ್ನೂ ಕನ್ನಡದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಳು. ಕಾಗದದ ತಲೆಯಲ್ಲಿ ನಾನು ಸೇರಿಸಿದ್ದ ಸಾಲು: ಮನೆಯಲ್ಲಿ ಮಕ್ಕಳೊಂದಿಗೆ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಮಾತ್ರ ಬಳಸಿರಿ.

"ನೀವು ಮನೆಯಲ್ಲಿ ಅವಳ ಹತ್ರ ಬ್ಯಾರಿ ಮಾತಾಡುದಿಲ್ವಾ?"

"ಇಲ್ಲ ಟೀಚರ್, ನಿಲ್ಲಿಸಿದ್ದೇನೆ." ಶಾಬಾಸ್ ಎನ್ನುತ್ತೇನೆಂದು ಕಾದವಳ ಹಾಗೆ ನನ್ನನ್ನು ನೋಡಿದಳು. "ಅಲ್ಲಿ ಗಲ್ಫಲ್ಲಿ ಒಂದು ರೂಮಲ್ಲಿ ನಾವಿಬ್ರೇ. ಅವಳ ಉಪ್ಪ ಕೆಲಸಕ್ಕೆ ಹೋದ್ರೆ ನನಗೆ ಅವಳು, ಅವಳಿಗೆ ನಾನು. ಬ್ಯಾರಿ ಬಿಟ್ರೆ ಅವಳಿಗೆ ಬೇರೆ ಗೊತ್ತಿರ್ಲಿಲ್ಲ. ಎಷ್ಟು ಮಾತಾಡ್ತಿದ್ಳು ಅಂತ! ತಲೆ ತಿಂತಿದ್ಳು. ಈಗ ಇಂಗ್ಲಿಷ್ ನನಗೆ ಬರುದು ಅಷ್ಟೇ, ಕಮ್, ಸಿಟ್, ಈಟ್. ಮತ್ತೆ ನಿಮ್ಮ ಸ್ಪ್ಯಾನಿಷ್. ಅಷ್ಟರಲ್ಲೇ ಸುಧಾರಿಸುದು." ಮಗಳ ಕಡೆ ನೋಡಿ ಕೇಳಿದಳು, "ಅವಳು ಈಗ ಮನೆಯಲ್ಲೂ ಮಾತಾಡುದಿಲ್ಲ ಟೀಚರ್. ಶಾಲೆಗೆ ಹೋದ್ರೆ ಹಾಗೆಯಾ?"

ಮೂರು ತಿಂಗಳಿಂದ ಆ ಮನೆಯಲ್ಲಿ ಒಬ್ಬ ತಾಯಿ ತನ್ನ ಮಗಳಿಗೆ ಬರೀ ಆಜ್ಞೆ ಕೊಡುತ್ತಿದ್ದಳು. ಬಾ, ಕೂತುಕೋ, ತಿನ್ನು, ಕೈ ತೊಳಿ, ದೀಪ ಆರಿಸು. ನನ್ನ ಪಟ್ಟಿಯ ನಲವತ್ತು ಸಾಲಿನಲ್ಲಿ 'ಇವತ್ತು ಶಾಲೆಯಲ್ಲಿ ಏನಾಯಿತು ಮಗಾ' ಎಂಬ ಸಾಲು ಇರಲಿಲ್ಲ. ಇರಲು ಅದು ಆಜ್ಞೆಯಲ್ಲವಲ್ಲ. ಒಳ್ಳೆಯ ತಾಯಿ, ಹೇಳಿದ್ದನ್ನು ಅಕ್ಷರಶಃ ಪಾಲಿಸಿದವಳು. ಪಾಲಿಸಿದ್ದಕ್ಕೇ ಮಗುವಿನ ಬಾಯಿ ಕಟ್ಟಿಹೋಗಿತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಎದ್ದು ಹೋಗಿ ಫ್ರಿಜ್ಜಿನಿಂದ ಆ ಕಾಗದವನ್ನು ಕಿತ್ತೆ. ಟೇಪಿನ ಜೊತೆ ಫ್ರಿಜ್ಜಿನ ಬಣ್ಣವೂ ಸ್ವಲ್ಪ ಎದ್ದುಬಂತು.

"ಅಯ್ಯೋ, ಎಂತ ಟೀಚರ್!"

"ಇದು ಬೇಡ. ನಾನು ತಪ್ಪು ಬರೆದು ಕಳಿಸಿದ್ದು. ನಿಮ್ಮ ಭಾಷೆಯಲ್ಲಿ ಅವಳ ಹತ್ರ ಮಾತಾಡಿ. ಈಗಲೇ. ಇವತ್ತು ಎಂತ ಆಯ್ತು ಅಂತ ಕೇಳಿ."

ತಾಯಿ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಮೆಲ್ಲ ಬ್ಯಾರಿಯಲ್ಲಿ ಏನೋ ಕೇಳಿದಳು. ಹುಡುಗಿಯ ಕಣ್ಣು ಅಗಲವಾಯಿತು. ಆದರೆ ಬಾಯಿ ತೆರೆಯಲಿಲ್ಲ. ನನ್ನ ಕಡೆ ನೋಡಿ, ತಾಯಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ತಾಯಿಯ ಮುಖ ಇಳಿಯಿತು.

"ಎಂತ ಹೇಳಿದ್ದು?"

"ಟೀಚರ್ ಇಲ್ಲೇ ಇದ್ದಾರೆ, ನನ್ನ ಹೆಸರು ಬೋರ್ಡಿಗೆ ಹೋಗ್ತದಾ ಅಂತ ಕೇಳ್ತಾಳೆ."

ಆ ಸಂಜೆ ಬಸ್‌ಸ್ಟಾಪಿನಲ್ಲಿ ಬ್ಯಾಗಿನಿಂದ ಸಂಚಾಲಕರ ಹಾಳೆ ತೆಗೆದೆ. ಮಗುವಿನಲ್ಲಿ ಕಂಡುಬಂದ ಕೊರತೆ ಎಂಬ ಅಂಕಣದಲ್ಲಿ, ಬ್ಯಾಗನ್ನೇ ಮೇಜು ಮಾಡಿಕೊಂಡು ಬರೆದೆ: 'ಮಗುವಿನಲ್ಲಿ ಕೊರತೆ ಇಲ್ಲ. ಸೂಚನೆ ಕೊಡಲು ತರಗತಿ ಶಿಕ್ಷಕಿಗೆ ಬರುವುದಿಲ್ಲ.' ಕೆಳಗೆ ಸಹಿ ಹಾಕಿದೆ. ಬೆಳಿಗ್ಗೆ ಮೊದಲ ಕೆಲಸವಾಗಿ ಮೂಲೆಯ ಚಿಕ್ಕ ಬೋರ್ಡನ್ನು ಮೊಳೆಯಿಂದ ಇಳಿಸಿ ಕಪಾಟಿನ ಹಿಂದಕ್ಕೆ ತಳ್ಳಿದೆ. ಆಮೇಲೆ ಹಾಳೆಯನ್ನು ಸಂಚಾಲಕರಿಗೆ ಕೊಟ್ಟೆ.

ಅವರು ಓದಿದರು. ಬೈಯಲಿಲ್ಲ. ನಕ್ಕರು. ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಟೀಚರ್, ಇದು ನಾಟಕ ಬೇಡ. ಬೇರೆ ಹಾಳೆ ಕೊಡ್ತೇನೆ, ಸರಿಯಾಗಿ ಬರೆಯಿರಿ. ಮತ್ತೆ ಇನ್ನೊಂದು. ನಿನ್ನೆ ಕಿಟಕಿಯಿಂದ ನಿಮ್ಮ ಸ್ಪ್ಯಾನಿಷ್ ನೋಡಿದೆ. ಅದೇ ಹುಡುಗಿ ಎಷ್ಟು ಚಂದ ಮಾಡ್ತಾಳೆ ಮಾರಾಯ್ರೆ! ಪೋಷಕರ ಸಭೆಯಲ್ಲಿ ಅವಳನ್ನೇ ಎದುರು ನಿಲ್ಲಿಸುವ. ವಿಡಿಯೋ ಮಾಡಿಸ್ತೇನೆ, ಮುಂದಿನ ವರ್ಷದ ಅಡ್ಮಿಷನ್‌ಗೆ ಆಗ್ತದೆ."

"ಸರ್, ಅವಳಿಗೆ ಟಿ.ಸಿ. ಕೊಡ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ?"

"ಅದು ಸಭೆ ಆದ ಮೇಲೆ."

ಇಂಥ ಮಾತನ್ನು ಮನುಷ್ಯರು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಹೊಳೆ ದಾಟುವವರೆಗೆ ಅಂಬಿಗ ಬೇಕು, ದಾಟಿದ ಮೇಲೆ ಅವನನ್ನು ನೀರಿಗೆ ತಳ್ಳುವ ಯೋಚನೆ. ಅಲ್ಲೇ ಕಿರುಚಬೇಕು ಅನ್ನಿಸಿತು. ಕಿರುಚಿದ್ದರೆ ಆ ದಿನವೇ ನನ್ನನ್ನು ಕಳಿಸಿ, ಆ ಹಾಳೆಗೆ ಇನ್ನೊಬ್ಬ ಟೀಚರಿನ ಸಹಿ ಹಾಕಿಸುತ್ತಿದ್ದರು. ಹಾಗಾಗಿ ಎರಡನೇ ಹಾಳೆಯನ್ನೂ ತೆಗೆದುಕೊಂಡೆ. "ಆಯ್ತು ಸರ್. ಸಭೆಗೆ ತಯಾರಿ ಮಾಡ್ತೇನೆ" ಎಂದೆ.

ತಯಾರಿ ಮಾಡಿದೆ. ಎರಡು ವಾರ. ಎಲ್ಲ ಪಾಠಕ್ಕೂ ಒಂದೇ ಕ್ರಮ ಹಿಡಿದೆ: ಒಂದು ಪೀರಿಯಡ್ಡಿಗೆ ಒಂದೇ ಭಾಷೆ, ಒಂದು ಕೆಲಸಕ್ಕೆ ಒಂದೇ ಪದ, ಹೇಳಿದ ಮೇಲೆ ಐದು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರುವುದು. ಈ ಕೊನೆಯದು ನನಗೆ ಬಹಳ ಕಷ್ಟವಾಯಿತು. ಹುಡುಗಿಗೆ ಬೇಕಾದ ಹತ್ತು ಬ್ಯಾರಿ ಪದಗಳನ್ನು ಅವಳ ತಾಯಿಯಿಂದ ಫೋನಿನಲ್ಲಿ ಕಲಿತೆ. ನೀರು ಬೇಕಾ, ನೋವಾಗ್ತದಾ, ಹೊರಗೆ ಹೋಗಬೇಕಾ, ಇಂಥವು. ಮಲಯಾಳ ಅಲ್ಲ ಅದು, ಬೇರೆಯೇ. ನನ್ನ ಉಚ್ಚಾರ ಕೇಳಿ ಹುಡುಗಿ ಮೊದಲ ಸಲ ನಕ್ಕಳು. ಮಾತು ಮಾತ್ರ ಆಡಲಿಲ್ಲ. ಮನೆಯಲ್ಲಿ ಶುರು ಮಾಡಿದ್ದಾಳೆ ಎಂದು ತಾಯಿ ಹೇಳಿದಳು.

ಸಭೆಯ ಹಿಂದಿನ ದಿನ ತಾಯಿಗೆ ಎಲ್ಲವನ್ನೂ ಹೇಳಿದೆ, ಟಿ.ಸಿ.ಯ ಸಂಗತಿಯನ್ನೂ. ಅಲ್ಲಿಯವರೆಗೆ ಆಕೆಗೆ ಗೊತ್ತಿರಲಿಲ್ಲ.

"ಎಲ್ಲರ ಎದುರು ಹೇಳ್ಬೇಕು ಅಂತ ಉಂಟು. ನಿಮಗೆ ಬೇಡ ಅಂದ್ರೆ ಹೇಳುದಿಲ್ಲ."

"ಹೇಳಿ ಟೀಚರ್. ನಮಗೆ ಹೋಗ್ಲಿಕ್ಕೆ ಬೇರೆ ಶಾಲೆ ಉಂಟು. ಹೆದರ್ಬೇಕಾದ್ದು ನೀವು."

ಶನಿವಾರ. ಸಭಾಂಗಣದ ತುಂಬ ಪೋಷಕರು. ಸಂಚಾಲಕರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಕ್ಯಾಮೆರಾದವನು. ನಾನು ಮೈಕಿನಲ್ಲಿ ಒಂದೊಂದೇ ಆಜ್ಞೆ ಹೇಳಿದೆ. ಹುಡುಗಿ ವೇದಿಕೆಯ ನಡುವೆ ಒಬ್ಬಳೇ. ಎದ್ದಳು, ಬಾಗಿಲು ತೆಗೆದಳು, ನೋಡಿದಳು, ಮುಚ್ಚಿದಳು, ಹಳದಿ ರೈನ್‌ಕೋಟನ್ನು ಬಿಚ್ಚಿ ಮೊಳೆಗೆ ಹಾಕಿದಳು, ಬಂದು ಕೂತಳು. ಒಟ್ಟಿಗೆ ಆರು ಹೇಳಿದರೂ ಒಂದನ್ನೂ ಬಿಡಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಸಂಚಾಲಕರು ಹಿಂದೆ ತಿರುಗಿ ತಿರುಗಿ ಪೋಷಕರ ಮುಖ ನೋಡುತ್ತಿದ್ದರು.

ನಾನು ಮೈಕ್ ಬಿಡಲಿಲ್ಲ.

"ನೀವೆಲ್ಲ ನೋಡಿದ್ರಿ. ಈ ಮಗು ಹೇಳಿದ್ದನ್ನು ಪಾಲಿಸುದಿಲ್ಲ, ಇವಳಲ್ಲಿ ಕೊರತೆ ಉಂಟು ಅಂತ ಇವಳನ್ನು ಈ ತಿಂಗಳು ಶಾಲೆಯಿಂದ ಕಳಿಸ್ಲಿಕ್ಕೆ ತಯಾರಿ ಆಗಿದೆ. ಪಾಲಿಸುದಿಲ್ಲ ಅಂತ ಡೈರಿಯಲ್ಲಿ ಬರೆದದ್ದು ನಾನು. ಅದು ಸುಳ್ಳು. ನಾನು ಹೇಳಿದ್ದು ಅವಳಿಗೆ ಅರ್ಥ ಆಗುವ ಹಾಗೆ ಇರ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದು ನಾವು. ಇನ್ನೊಂದು, ಜೂನಿನಲ್ಲಿ ನಾನು ನಿಮ್ಮ ಮನೆಗೆ ಕಳಿಸಿದ ಕಾಗದ, ಅದನ್ನು ಇವತ್ತು ಒಲೆಗೆ ಹಾಕಿ. ಮಕ್ಕಳ ಹತ್ರ ನಿಮ್ಮ ಭಾಷೆ ಮಾತಾಡಿ. ತುಳುವೋ ಬ್ಯಾರಿಯೋ ಅರೆಭಾಷೆಯೋ, ಯಾವುದು ಹೊಟ್ಟೆಯಿಂದ ಬರ್ತದೋ ಅದು."

ಕ್ಯಾಮೆರಾದವನು ಇನ್ನೂ ರೆಕಾರ್ಡ್ ಮಾಡುತ್ತಿದ್ದ. ನಿಲ್ಲಿಸು ಎಂದು ಸಂಚಾಲಕರು ಅವನಿಗೆ ಕೈಸನ್ನೆ ಮಾಡುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಅಪ್ಪ ಎದ್ದು ನಿಂತ. "ಇದು ಹೌದಾ ಸರ್? ಇಷ್ಟು ಚಂದ ಮಾಡುವ ಮಗುವನ್ನು ಕಳಿಸುದಾ?" ಅವನ ಪಕ್ಕದ ಹೆಂಗಸು, "ನನ್ನ ಮಗನೂ ಮನೆಯಲ್ಲಿ ಬಾಯಿ ಬಿಡುದಿಲ್ಲ ಈಗ" ಎಂದಳು. ಆಮೇಲೆ ಯಾರು ಏನು ಹೇಳಿದರೋ, ಎಲ್ಲರೂ ಒಟ್ಟಿಗೆ ಮಾತಾಡಿದರು. ಸಂಚಾಲಕರು ವೇದಿಕೆಗೆ ಬಂದು, ಯಾರನ್ನೂ ಕಳಿಸುವ ಪ್ರಶ್ನೆಯೇ ಇಲ್ಲ, ಟೀಚರಿಗೆ ತಪ್ಪು ಗ್ರಹಿಕೆಯಾಗಿದೆ ಎಂದು ಮೈಕಿನಲ್ಲಿ ಎರಡು ಸಲ ಹೇಳಿದರು. ಅಷ್ಟು ಜನರ ಎದುರು ಹೇಳಿದ ಮೇಲೆ ಟಿ.ಸಿ. ಕೊಡುವ ಹಾಗಿರಲಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಸಭೆ ಮುಗಿದ ಮೇಲೆ ಅವರ ಕೋಣೆಯ ಬಾಗಿಲ ಹತ್ತಿರ ಕೊನೆಯ ಸಲ ನಿಂತೆ. ಅರ್ಧ ಗಂಟೆ ಬೈದರು. ಉಂಡ ಮನೆಗೆ ದ್ರೋಹ ಎಂದರು. ಏಪ್ರಿಲಿಗೆ ನಿಮ್ಮ ಕೆಲಸ ಮುಗಿಯಿತು, ಸೋಮವಾರದಿಂದ ಒಂದನೇ ತರಗತಿ ಬೇರೆಯವರಿಗೆ ಎಂದರು. ಎದುರಿನ ಎರಡು ಕುರ್ಚಿಗಳು ಖಾಲಿಯೇ ಇದ್ದವು. ನಾನು ಬರೆಯದೆ ಉಳಿಸಿಕೊಂಡಿದ್ದ ಎರಡನೇ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಜಗಲಿಗೆ ಬಂದೆ. ಬಂದದ್ದು ಸಿಟ್ಟು, ಅಳು ಅಲ್ಲ. ಅಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದು ಈಗ ಬಿಡುತ್ತಿತ್ತು. ಗೋಡೆಗೆ ಕೈ ಕೊಟ್ಟು ನಿಂತೆ. ಎದುರಿನ ಉದ್ದ ಬೆಂಚಿನ ಹತ್ತಿರ ಆ ಹುಡುಗಿ ಮತ್ತು ತಾಯಿ ಕಾಯುತ್ತಿದ್ದರು. ತಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಬಂದು ನನ್ನ ಸೀರೆಯ ನೆರಿಗೆ ಹಿಡಿದೆಳೆದಳು. ಬೆಂಚಿನ ಮೇಲೆ ಅಂಗೈಯಿಂದ ತಟ್ಟಿದಳು.

"ಸಿಯೆಂತತೆ" ಎಂದಳು.

ಜೂನಿನಿಂದ ಆ ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು. ನಾನು ಹಾಗೇ ನಿಂತಿದ್ದೆ. ಟೀಚರಿಗೆ ಅರ್ಥವಾಗಲಿಲ್ಲ ಎಂದುಕೊಂಡಳೋ ಏನೋ, ಸ್ವಲ್ಪ ಹೊತ್ತು ಕಾದಳು. ಆಮೇಲೆ ಅದೇ ಪದವನ್ನು ಅಷ್ಟೇ ನಿಧಾನವಾಗಿ ಇನ್ನೊಮ್ಮೆ ಹೇಳಿ, ತಾನೇ ಬೆಂಚಿನ ಮೇಲೆ ಕೂತು ತೋರಿಸಿದಳು.

ನಾನು ಕೂತೆ.